ಇಲ್ಲ ಎನ್ನದ ಹೋಟೆಲು

ದಿಲ್ಲಿಯ ಕರೋಲ್ ಬಾಗಿನಲ್ಲಿ ನನ್ನ ಸೋದರಮಾವ ಹೋಟೆಲು ನಡೆಸಿದ ಅಷ್ಟೂ ವರ್ಷ ಅವರ ಬಾಯಿಂದ ‘ಇಲ್ಲ’ ಎಂಬ ಮಾತು ಗಿರಾಕಿಯ ಕಿವಿಗೆ ಬಿದ್ದದ್ದಿಲ್ಲ. ಇದು ಅವರ ದೊಡ್ಡ ಹೆಮ್ಮೆ. ದೋಸೆ ಹಿಟ್ಟು ಮುಗಿದಿದ್ದರೆ ಸಪ್ಲೈಯರ್ ಹುಡುಗರು ‘ದೋಸೆ ಇಲ್ಲ’ ಎನ್ನುವಂತಿರಲಿಲ್ಲ. ‘ಇವತ್ತು ಇಡ್ಲಿ ಬಹಳ ಮೃದುವಾಗಿದೆ ಸಾಬ್’ ಎನ್ನಬೇಕಿತ್ತು. ಗಿರಾಕಿ ದೋಸೆಯೇ ಬೇಕೆಂದು ಹಟ ಹಿಡಿದರೆ ‘ಬಸ್ ಏಕ್ ಮಿನಟ್’ ಎಂದು ನೀರು ತಂದಿಟ್ಟು ಮಾಯವಾಗಬೇಕು. ಆ ಒಂದು ನಿಮಿಷದಲ್ಲಿ ಎಷ್ಟೋ ಜನ ಮನಸ್ಸು ಬದಲಾಯಿಸಿ ಪೂರಿ ತಿಂದು ಹೋಗಿದ್ದಾರೆ. ಇಲ್ಲ ಅಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಬರ್ತಾ ಉಂಟು ಅಂದರೆ ಕೂತಿರುತ್ತಾನೆ ಎಂಬುದು ಮಾವನ ವ್ಯಾಪಾರಶಾಸ್ತ್ರ. ಕರಾವಳಿಯಿಂದ ದಿಲ್ಲಿಗೆ ಬರುವಾಗ ಅವರು ತಂದ ಬಂಡವಾಳ ಅದೊಂದೇ ಇರಬೇಕು.

ನಾನು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ನೋಯ್ಡಾದ ಒಂದು ಕಂಪನಿಯಲ್ಲಿ, ಬೇರೆಯವರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಎಲ್ಲಿ ಮುಗ್ಗರಿಸುತ್ತವೆ ಎಂದು ಹುಡುಕುವುದು ನನ್ನ ಪಾಲಿಗೆ ಬಂದಿತ್ತು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಪ್ರೋಗ್ರಾಮು ತನ್ನಷ್ಟಕ್ಕೆ ತಾನು ಕೂಡಿಸಿ ಕಳೆದು ಕಾಲ ಹಾಕಬಲ್ಲದು. ಆದರೆ ಒಂದು ಫೈಲು ತೆರೆಯಬೇಕಾದರೂ, ಪ್ರಿಂಟರಿಗೆ ಒಂದಕ್ಷರ ಕಳಿಸಬೇಕಾದರೂ ಕಂಪ್ಯೂಟರಿನ ಯಜಮಾನನಾದ ಕರ್ನೆಲ್ ಮುಂದೆ ಕೈಚಾಚಬೇಕು. ಈ ಬೇಡಿಕೆಗೆ ಸಿಸ್ಟಮ್ ಕಾಲ್ ಎನ್ನುತ್ತಾರೆ. ಯಜಮಾನನಿಗೆ ಆಗದಿದ್ದರೆ ಮೈನಸ್ ಒಂದು ಎಂದು ಮುಖಕ್ಕೆ ಹೇಳುತ್ತಾನೆ, ಏಕೆ ಆಗಲಿಲ್ಲ ಎಂಬ ಕಾರಣದ ಸಂಖ್ಯೆಯನ್ನು ಪಕ್ಕದಲ್ಲೇ ಇಟ್ಟಿರುತ್ತಾನೆ. ಇಂಥ ಪ್ರಾಮಾಣಿಕ ಯಜಮಾನನನ್ನು ನಾನು ದಿಲ್ಲಿಯಲ್ಲಿ ಬೇರೆಲ್ಲೂ ಕಂಡಿಲ್ಲ. ನನ್ನ ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿ ಆಗದ ಕೆಲಸಕ್ಕೆಲ್ಲ ‘ವಿಷಯ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ, ಅದೂ ಕೇಳಿದವರು ನಿವೃತ್ತರಾದ ಮೇಲೆ.

ಪ್ರೋಗ್ರಾಮು ಬರೆಯುವವರೂ ನಮ್ಮ ನಡುವಿನಿಂದಲೇ ಬಂದವರಲ್ಲವೇ? ಕರ್ನೆಲ್ ಹೇಳುವ ಮೈನಸ್ ಒಂದನ್ನು ಅವರು ಕೇಳಿಸಿಕೊಳ್ಳುವುದೇ ಇಲ್ಲ. ‘ಫೈಲ್ ಓಪನ್ ಎಲ್ಲಾದರೂ ಫೇಲ್ ಆಗುತ್ತಾ ಯಾರ್?’ ಎಂದು ನಗುತ್ತಾರೆ. ಫೇಲ್ ಆಗಿ ಎಲ್ಲ ಕುಸಿದುಬಿದ್ದ ದಿನ ತೆರೆಯ ಮೇಲೆ ಬರುವುದು ‘ಏನೋ ತಪ್ಪಾಗಿದೆ, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ.’ ನಮ್ಮ ಕಂಪನಿಯಲ್ಲಿ ಆ ಅಡ್ಮಿನಿಸ್ಟ್ರೇಟರ್ ನಾನೇ. ನನ್ನನ್ನು ನಾನು ಸಂಪರ್ಕಿಸಿಕೊಂಡು, ಏನಾಯಿತೆಂದು ನನ್ನನ್ನೇ ವಿಚಾರಿಸಿ, ಗೊತ್ತಿಲ್ಲವೆಂದು ನನಗೇ ಹೇಳಿಕೊಂಡು ಕೂತ ದಿನಗಳಿವೆ. ಇದರಿಂದಾಗಿ ನನ್ನಲ್ಲೊಂದು ಸಿಡುಕು ಬೆಳೆದಿತ್ತು. ಏನು ಮಾಡಲು ಹೊರಟೆವು, ಯಾವುದರ ಮೇಲೆ, ಏಕೆ ಆಗಲಿಲ್ಲ, ಈಗೇನು ಮಾಡಬೇಕು, ಇಷ್ಟನ್ನು ಹೇಳದ ಪ್ರೋಗ್ರಾಮನ್ನು ಕಂಡರೂ ಮನುಷ್ಯನನ್ನು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಕರೋಲ್ ಬಾಗಿಗೆ ಮೆಟ್ರೋ ಬಂದ ಮರುವರ್ಷ ಮಾವನ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಎದುರಿನ ಮಿಠಾಯಿ ಅಂಗಡಿಯವನು ಕಂಪ್ಯೂಟರ್ ಇಟ್ಟ ಮೇಲಂತೂ ಮಾವನಿಗೆ ನಿದ್ದೆ ಬರಲಿಲ್ಲ. ನಾನು ಅಲ್ಲೇ ಹಿಂದಿನ ಗಲ್ಲಿಯಲ್ಲಿ ಒಂದು ಬರಸಾತಿಯಲ್ಲಿ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿದ್ದೆ. ಮಧ್ಯಾಹ್ನದ ಪಾಳಿಯ ಕೆಲಸವಾದ್ದರಿಂದ ಬೆಳಗಿನ ತಿಂಡಿ ಮಾವನಲ್ಲೇ. ಪುಕ್ಕಟೆ ದೋಸೆ ತಿನ್ನುವ ಅಳಿಯನಿಗೆ ಕೆಲಸ ಹಚ್ಚದೆ ಬಿಡುತ್ತಾರೆಯೇ? ಹಳೆಯ ಕಂಪ್ಯೂಟರೊಂದನ್ನು ತಂದು ಲಿನಕ್ಸ್ ಹಾಕಿ, ಕೌಂಟರಿನಲ್ಲಿ ಒತ್ತಿದ ಆರ್ಡರು ಅಡುಗೆಮನೆಯ ಪ್ರಿಂಟರಿನಲ್ಲಿ ಬರುವಂತೆ ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮು ಬರೆದುಕೊಟ್ಟೆ. ಮಾವ ಅದಕ್ಕೆ ಕುಂಕುಮ ಹಚ್ಚಿ, ತೆರೆಯನ್ನು ಗಿರಾಕಿಗಳ ಕಡೆಗೆ ತಿರುಗಿಸಿಟ್ಟರು. ಎದುರಿನವನಿಗೆ ಕಾಣಬೇಕಲ್ಲ!

ಮೊದಲ ವಾರವೇ ಜಗಳ. ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತು. ಕಾಗದ ಮುಗಿದರೆ ಕರ್ನೆಲ್ ಕೊಡುವ ಕಾರಣ ‘ಸಾಧನದಲ್ಲಿ ಜಾಗ ಉಳಿದಿಲ್ಲ’ ಎಂದು. ಡಿಸ್ಕ್ ತುಂಬಿದಾಗ ಹೇಳುವ ಮಾತನ್ನೇ ಕಾಗದಕ್ಕೂ ಹೇಳಿ ಕೈತೊಳೆದುಕೊಳ್ಳುತ್ತದೆ. ನನ್ನ ಪ್ರೋಗ್ರಾಮು ಅದನ್ನು ಹಾಗೇ ಇಂಗ್ಲಿಷಿನಲ್ಲಿ ತೆರೆಗೆ ತಂದಿತು.

“ಅರ್ಧ ಹೋಟೆಲು ಖಾಲಿ ಉಂಟು, ನಿನ್ನ ಡಬ್ಬಿ ಜಾಗ ಇಲ್ಲ ಅಂತದಲ್ಲ ಮಾರಾಯ! ಎದುರಿನವ ನೋಡಿದ್ರೆ ಎಂತ ಹೇಳಿಯಾನು?” ಎಂದು ಮಾವ ಹಾರಾಡಿದರು.

ಎರಡನೆಯ ಜಗಳ ಇನ್ನೂ ಸೊಗಸಾದದ್ದು. ಒಂದು ಆರ್ಡರು ಅರ್ಧ ಅಚ್ಚಾಗುವಷ್ಟರಲ್ಲಿ ಕಾಗದ ಮುಗಿಯಿತು. ಅರ್ಧ ಬರೆದಾಗ ಕರ್ನೆಲ್ ಮೈನಸ್ ಒಂದು ಎನ್ನುವುದಿಲ್ಲ. ‘ಇಷ್ಟು ಅಕ್ಷರ ಬರೆದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಕಾರಣದ ಸಂಖ್ಯೆಯನ್ನು ಮುಟ್ಟುವುದಿಲ್ಲ. ನಾನದನ್ನು ಸೋಲೆಂದು ಎಣಿಸಿ ಕಾರಣ ಕೇಳಿದ್ದೆ, ಇಲ್ಲದ ಕಾರಣಕ್ಕೆ ಅದರ ಬಳಿ ಇದ್ದ ಹೆಸರು ‘ಸಕ್ಸೆಸ್.’ ಹೀಗಾಗಿ ತೆರೆಯ ಮೇಲೆ ‘ಪ್ರಿಂಟ್ ಫೇಲ್ಡ್: ಸಕ್ಸೆಸ್’ ಎಂದು ಮೂಡಿತು. ನಾನು ತಲೆ ಚಚ್ಚಿಕೊಂಡೆ. ಮಾವನ ಮುಖ ಅರಳಿತು.

“ಇದು ನೋಡು ಮೆಸೇಜು ಅಂದ್ರೆ! ಮೊದಲಿನ ಎರಡು ಶಬ್ದ ತೆಗೆದುಬಿಡು, ಸಕ್ಸೆಸ್ ಒಂದೇ ಇರಲಿ.”

ನಾನು ಎರಡು ಬೆಳಗು ಕೂತು ಎಲ್ಲವನ್ನೂ ತಿದ್ದಿದೆ. ಅರ್ಧ ಬರೆದರೆ ಉಳಿದರ್ಧವನ್ನು ಮತ್ತೆ ಕಳಿಸುವಂತೆ ಮಾಡಿದೆ. ಒಂದೊಂದು ಸೋಲಿಗೂ ಒಂದೊಂದು ಮಾತು ಬರೆದೆ, ಹುಡುಗರಿಗೆ ತಿಳಿಯುವ ಹಿಂದಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ‘ಆರ್ಡರು ಅಡುಗೆಮನೆಗೆ ಹೋಗಿಲ್ಲ. ಪ್ರಿಂಟರಿನಲ್ಲಿ ಕಾಗದ ಮುಗಿದಿದೆ. ಕಾಗದ ಹಾಕಿ ಎಂಟರ್ ಒತ್ತಿ.’ ‘ಆರ್ಡರು ಅಡುಗೆಮನೆಗೆ ಹೋಗಿಲ್ಲ. ಪ್ರಿಂಟರ್ ಉತ್ತರಿಸುತ್ತಿಲ್ಲ. ವೈರು ನೋಡಿ.’ ಓದಿ ನನಗೇ ಖುಷಿಯಾಯಿತು. ದಿಲ್ಲಿಯಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡುವ ಇನ್ನೊಂದು ಕೌಂಟರ್ ಇರಲಾರದು ಎಂದುಕೊಂಡೆ.

ಮಾವ ಕನ್ನಡಕ ಏರಿಸಿ ಓದಿದರು. “ಹೋಗಿಲ್ಲ, ಮುಗಿದಿದೆ, ಉತ್ತರಿಸುತ್ತಿಲ್ಲ... ಇದೆಂತ, ಶ್ರಾದ್ಧದ ಮನೆಯಾ? ನಮ್ಮಲ್ಲಿ ಇಲ್ಲ ಎನ್ನುವ ಪದ್ಧತಿ ಉಂಟಾ?”

“ಇದು ಗಿರಾಕಿಗಲ್ಲ ಮಾವ, ನಿಮಗೆ. ಏನಾಗಿದೆ ಅಂತ ನಿಮಗೆ ಗೊತ್ತಾಗೋದು ಬೇಡವಾ?”

“ನನಗೆ ಗೊತ್ತಾಗ್ತದೆ. ಎಲ್ಲದಕ್ಕೂ ಒಂದೇ ಬರೆ. ಬಸ್ ಏಕ್ ಮಿನಟ್.”

ತೆರೆಯನ್ನು ಅವರ ಕಡೆಗೆ ತಿರುಗಿಸಿಕೊಂಡರೆ ಮುಗಿಯಿತು ಎಂದೆ. ಎದುರಿನವನಿಗೆ ಬೆನ್ನು ತೋರಿಸುವುದಾ ಎಂದರು. ಊಟ ಹಾಕುವ ಕೈ ಅವರದು, ನಾನು ಸೋತೆ. ಕಾಗದ ಮುಗಿದರೂ, ವೈರು ಕಿತ್ತರೂ, ಡಿಸ್ಕ್ ತುಂಬಿದರೂ, ಪ್ರಿಂಟರಿಗೆ ಪ್ರಾಣವೇ ಹೋದರೂ ತೆರೆಯ ಮೇಲೆ ಅದೊಂದೇ ಮಾತು ನಗುತ್ತಿತ್ತು. ಮುಂದಿನ ಭಾನುವಾರ ಯಾರೋ ರುಬ್ಬುವ ಯಂತ್ರಕ್ಕಾಗಿ ಪ್ರಿಂಟರಿನ ಪ್ಲಗ್ ಕಿತ್ತರು. ಹೊರಗೆ, ಮದುವೆ ಸೀರೆ ಕೊಳ್ಳಲು ಫರೀದಾಬಾದಿನಿಂದ ಬಂದಿದ್ದ ಒಂದು ದೊಡ್ಡ ಕುಟುಂಬ ‘ಒಂದು ನಿಮಿಷ’ವನ್ನು ನೋಡುತ್ತ ಹಸಿದು ಕೂತಿತ್ತು. ಒಳಗೆ ಭಟ್ಟರು, ಇವತ್ತೇಕೋ ವ್ಯಾಪಾರ ತಣ್ಣಗಿದೆ ಎಂದು ಪೇಪರು ಓದುತ್ತಿದ್ದರು. ಕೊನೆಗೆ ಆ ಕುಟುಂಬದ ಅಜ್ಜ ಎದ್ದು, “ಭಯ್ಯಾ, ನಿಮ್ಮ ಗಡಿಯಾರದಲ್ಲಿ ನಿಮಿಷಕ್ಕೆ ಎಷ್ಟು ಸೆಕೆಂಡು?” ಎಂದು ಕೇಳಿ ಎಲ್ಲರನ್ನೂ ಹೊರಡಿಸಿಕೊಂಡು ಹೋದರು. ಎದುರಿನ ಅಂಗಡಿಗೇ ಹೋದರು. ಮಾವ ಇದನ್ನೂ ಮೆಟ್ರೋದ ಜನ ಹೀಗೇ ಎಂದು ಜೀರ್ಣಿಸಿಕೊಂಡರು.

ಭಟ್ಟರು ಎಂದರೆ ನಮ್ಮ ಹೋಟೆಲಿನ ಮುಖ್ಯ ಅಡುಗೆಯವರು. ಮಾವ ಹೋಟೆಲು ತೆರೆದ ವರ್ಷವೇ ಉಡುಪಿ ಕಡೆಯಿಂದ ಬಂದವರು. ಅವರ ಸಾಂಬಾರಿಗಾಗಿ ಘಾಜಿಯಾಬಾದಿನಿಂದ ರೈಲು ಹತ್ತಿ ಬರುವವರಿದ್ದರು. ಹೆಂಡತಿ, ಮಗಳು ಊರಲ್ಲಿ. ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು, ಅದೂ ಮಾವನಿಗೆ ಅನುಕೂಲವಾದರೆ. ನನಗೆ ಮೂವತ್ತು ಹತ್ತಿರವಾಗಿದ್ದರೂ ಅವರ ಬಾಯಲ್ಲಿ ನಾನಿನ್ನೂ ಮಾಣಿ. ಮಗಳ ಮದುವೆ ಗೊತ್ತಾದಾಗ ನನಗೇ ಮೊದಲು ಹೇಳಿದರು. ಮಗಳು ಹುಟ್ಟಿದಾಗ ತಾನು ಊರಲ್ಲಿರಲಿಲ್ಲ, ಶಾಲೆಗೆ ಹಾಕುವಾಗ ಇರಲಿಲ್ಲ, ಅವಳಿಗೆ ಕಾಮಾಲೆಯಾದಾಗಲೂ ಇರಲಿಲ್ಲ. “ಧಾರೆ ಎರೆಯುವುದಕ್ಕಾದರೂ ಅಪ್ಪ ಅಂತ ನಿಂತುಕೊಳ್ಬೇಕು ಮಾಣಿ. ಅದೊಂದು ತಪ್ಪಿಸುವ ಹಾಗಿಲ್ಲ” ಎಂದರು.

ಎರಡು ತಿಂಗಳು ಮೊದಲೇ ಮಾವನ ಬಳಿ ರಜೆ ಕೇಳಿದರು. ಭಾನುವಾರ ಬೆಳಿಗ್ಗೆ ಮುಹೂರ್ತ. ಗುರುವಾರದ ಗಾಡಿ ಹತ್ತಿದರೆ ಶನಿವಾರ ಊರು.

“ಆಗ್ತದೆ ಭಟ್ರೇ, ಗುರುವಾರದ ಗಾಡಿಗೆ ಟಿಕೆಟ್ ನಾನೇ ಮಾಡಿಸ್ತೇನೆ. ನೀವೆಂತಕ್ಕೆ ತಲೆ ಬಿಸಿ ಮಾಡ್ತೀರಿ?” ಎಂದರು ಮಾವ.

ಆ ಮಾತಿನ ಧಾಟಿ ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಇಡ್ಲಿ ಬಹಳ ಮೃದುವಾಗಿದೆ ಎನ್ನುವ ಧಾಟಿ ಅದು. ಹದಿನೈದು ದಿನ ಬಿಟ್ಟು ಮಾವನನ್ನು ಕೇಳಿದೆ, ಟಿಕೆಟ್ ಆಯಿತಾ ಎಂದು. “ಅಚ್ಛಾ, ಅದಾ? ನೋಡುವ” ಎಂದರು. ಮತ್ತೆ ಕೇಳಿದೆ. “ನೋಡುವ ಅಂದ್ನಲ್ಲ.” ಕೊಂಕಣದ ದಾರಿಯ ಗಾಡಿಗಳು ಎಷ್ಟು ಬೇಗ ತುಂಬುತ್ತವೆಂದು ದಿಲ್ಲಿಯಲ್ಲಿರುವ ಎಲ್ಲ ಕರಾವಳಿಯವರಿಗೂ ಗೊತ್ತು. ನಾನು ರೇಗಿದೆ. ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎನ್ನಿ, ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ ಎಂದೆ. ನಾನೇ ಟಿಕೆಟ್ ತರುತ್ತೇನೆ ಎಂದೂ ಹೇಳಿದೆ. “ಬೇಡ ಬೇಡ, ಏಜೆಂಟನಿಗೆ ಹೇಳಿ ಆಗಿದೆ” ಎಂದು ನನ್ನ ಬಾಯಿಗೆ ಬೀಗ ಹಾಕಿದರು.

ಅಡುಗೆಮನೆಗೆ ಹೋಗಿ ಭಟ್ಟರಿಗೂ ಹೇಳಿದೆ. “ಟಿಕೆಟ್ ಕೈಗೆ ಕೊಡಿ ಅಂತ ಕೇಳಿ ಭಟ್ರೇ. ಮಾವ ಇಲ್ಲ ಅನ್ನೋದಿಲ್ಲ, ನಿಮಗೇ ಗೊತ್ತಲ್ಲ.”

ಭಟ್ಟರು ನಕ್ಕರು. “ಅದು ಗಿರಾಕಿಗೆ ಹೇಳುವ ಮಾತು ಮಾಣಿ. ನಮಗೆ ಹಾಗೆ ಹೇಳ್ತಾರಾ? ಧನಿ ಆಗ್ತದೆ ಅಂದ್ರೆ ಆಗ್ತದೆ.” ಹೊಸ ಪಂಚೆ, ಮಗಳಿಗೆ ತೆಗೆದ ಸೀರೆ, ಅಳಿಯನಿಗೊಂದು ವಾಚು ಎಲ್ಲವನ್ನೂ ಟ್ರಂಕಿನಿಂದ ತೆಗೆದು ತೋರಿಸಿದರು. ನನಗೆ ಸಂಕಟವಾಯಿತು, ಮಾವನ ಮೇಲೆ ಸಿಟ್ಟೂ ಬಂತು. ಹೇಳಿದ್ದನ್ನು ನಂಬುವವರಿಗೆ ಹಾಗೆ ಹೇಳುವುದು ಎಂಥ ಸಭ್ಯತೆ?

ಗುರುವಾರ ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿದ್ದೆ. ಭಟ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟ್ರಂಕು ಹಿಡಿದು ಅಡುಗೆಮನೆಯಿಂದ ಹೊರಬಂದರು. ಅವರು ಹೊರಗಿನ ಹಾಲಿಗೆ ಬಂದದ್ದನ್ನು ನಾನು ನೋಡಿದ್ದೇ ಕಡಿಮೆ. ಕೌಂಟರಿನ ಮುಂದೆ ನಿಂತು, “ಧನೀ, ಟಿಕೆಟ್” ಎಂದರು. ಗಾಡಿಗೆ ಇನ್ನೂ ಹೊತ್ತಿತ್ತು. ಮಾವ ಚಿಲ್ಲರೆ ಎಣಿಸುತ್ತ, ತಲೆ ಎತ್ತದೆ, “ಕೂತ್ಕೊಳ್ಳಿ ಭಟ್ರೇ, ಏಜೆಂಟ್ ಬರ್ತಾ ಇದ್ದಾನೆ” ಎಂದರು. ಭಟ್ಟರು ಟ್ರಂಕಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಕೇಳಿದರು. ಜನ ತುಂಬಿದ್ದರು, ದೋಸೆಗಳು ತಡವಾಗುತ್ತಿದ್ದವು. “ಒಂದು ನಾಲ್ಕು ದೋಸೆ ಹೊಯ್ದು ಬನ್ನಿ, ಅಷ್ಟರಲ್ಲಿ ಅವನು ಬರ್ತಾನೆ” ಎಂದರು ಮಾವ. ಭಟ್ಟರು ಅಂಗಿಯ ತೋಳು ಮಡಚಿ ಒಳಗೆ ಹೋಗಿ ದೋಸೆ ಹೊಯ್ದರು! ನಾನು ಕೈ ತೊಳೆದು ಮಾವನ ಪಕ್ಕಕ್ಕೆ ಹೋಗಿ, ಈಗ ಹೊರಟರೂ ರಿಸರ್ವೇಶನ್ ಇಲ್ಲದೆ ಹತ್ತಿಸಬಹುದು, ಟಿಕೆಟ್ ಇಲ್ಲವೆಂದು ಹೇಳಿ ಎಂದೆ. ಮಾವ ನನ್ನ ಕಡೆ ತಿರುಗಲೇ ಇಲ್ಲ. ನಾನೇ ಅಡುಗೆಮನೆಗೆ ನುಗ್ಗಿ ಭಟ್ಟರನ್ನು ಎಳೆದುಕೊಂಡು ಬಂದೆ. ಅಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ಗಾಡಿಯ ಹೊತ್ತು ಮೀರುತ್ತಿತ್ತು. ನಿಜಾಮುದ್ದೀನ್ ಸ್ಟೇಷನ್ನಿಗೆ ಹಾರಿ ಹೋದರೂ ಸಿಗುವಂತಿರಲಿಲ್ಲ.

ಭಟ್ಟರು ಮೂರನೆಯ ಸಲ ಕೇಳಿದರು. ಮಾವನಿಗೆ ದಿಕ್ಕು ತೋಚಲಿಲ್ಲ. ಬಾಯಿಯ ಅಭ್ಯಾಸವೇ ಉತ್ತರ ಕೊಟ್ಟಿತು.

“ಬಸ್ ಏಕ್ ಮಿನಟ್ ಭಟ್ರೇ.”

ಭಟ್ಟರ ಮುಖ ನೋಡಲಾಗಲಿಲ್ಲ. ಮಡಚಿದ ತೋಳನ್ನು ನಿಧಾನವಾಗಿ ಇಳಿಸಿಕೊಂಡರು.

“ನಾನು ಗಿರಾಕಿ ಅಲ್ಲ ಧನೀ” ಎಂದರು.

ಹೋಟೆಲಿನಲ್ಲಿ ಗಲಾಟೆ ನಡೆದೇ ಇತ್ತು, ಯಾರೋ ಚಟ್ನಿ ಕೇಳುತ್ತಿದ್ದರು. ಮಾವ ಚಿಲ್ಲರೆಯ ಡಬ್ಬ ಮುಚ್ಚಿದರು. ಆಮೇಲೆ, ನನ್ನ ತಿಳಿವಳಿಕೆಯಲ್ಲಿ ಮೊದಲ ಬಾರಿಗೆ, ಆ ಮಾತು ಹೇಳಿದರು.

“ಇಲ್ಲ ಭಟ್ರೇ. ಟಿಕೆಟ್ ಮಾಡ್ಸಿಲ್ಲ. ಏಜೆಂಟನಿಗೂ ಹೇಳಿಲ್ಲ. ಮಗಳ ಮದುವೆ ಆದ ಮೇಲೆ ನಿಮಗೆ ಇಲ್ಲಿ ಎಂತ ಉಂಟು? ಹೋದವರು ಮತ್ತೆ ಬರ್ಲಿಕ್ಕಿಲ್ಲ ಅಂತ ಹೆದರಿಕೆ ಆಯ್ತು. ನೀವಿಲ್ಲದೆ ಈ ಹೋಟೆಲು ನಡೀಲಿಕ್ಕಿಲ್ಲ.”

“ಇದನ್ನು ಎರಡು ತಿಂಗಳ ಹಿಂದೆ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದರು ಭಟ್ಟರು. ಧ್ವನಿ ಏರಲಿಲ್ಲ, ಅದೇ ಕಷ್ಟವಾಗಿದ್ದು. “ನನ್ನ ತಮ್ಮ ಮಂಗಳೂರಲ್ಲಿ ಹೋಟೆಲಿನಲ್ಲೇ ಇದ್ದಾನೆ, ನನ್ನ ಕೈಯಲ್ಲೇ ಕಲಿತವ. ಅವನನ್ನು ಇಲ್ಲಿಗೆ ಕಳಿಸಿ ನಾನು ಹೋಗಿ ಬರ್ತಿದ್ದೆ. ಬರುವುದಿಲ್ಲ ಅಂತ ನಾನು ಯಾವಾಗ ಹೇಳಿದೆ?”

ಇಷ್ಟು ಸುಲಭದ ಪರಿಹಾರವಿದ್ದ ಸಮಸ್ಯೆಯನ್ನು ಮಾವ ಎರಡು ತಿಂಗಳು ಸಕ್ಕರೆ ಪಾಕದಲ್ಲಿ ಅದ್ದಿಟ್ಟಿದ್ದರು. ನನಗಂತೂ ಅವರನ್ನು ಹಿಡಿದು ಅಲುಗಾಡಿಸಿಬಿಡಬೇಕು ಎನಿಸಿತು.

ಮರುದಿನ ಶುಕ್ರವಾರದ ಗಾಡಿಗೆ ನಾನೇ ಭಟ್ಟರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ವಿಮಾನದ ಮಾತೆತ್ತಿದ್ದೆ, ಮಾವನ ದುಡ್ಡಿನಲ್ಲಿ ಹಾರಲು ಅವರು ಒಪ್ಪಲಿಲ್ಲ, ನನ್ನ ದುಡ್ಡಿನಲ್ಲೂ ಒಪ್ಪಲಿಲ್ಲ. ಜನರಲ್ ಬೋಗಿಯ ಬಾಗಿಲಲ್ಲಿ ಒಂದು ಕಾಲಿಡುವಷ್ಟು ಜಾಗ ಸಿಕ್ಕಿತು. ಗಾಡಿ ಸರಿಯಾದ ಹೊತ್ತಿಗೆ ಹೋದರೆ ಭಾನುವಾರ ಬೆಳಗಿನ ಜಾವ ಊರು ಸೇರಬಹುದಿತ್ತು. ಮಾವ ಸ್ಟೇಷನ್ನಿಗೆ ಬರಲಿಲ್ಲ, ಬುತ್ತಿ ಕಳಿಸಿದ್ದರು. ಜೊತೆಗೆ ‘ಎಲ್ಲ ಸರಿ ಹೋಗ್ತದೆ ಅಂತ ಹೇಳು’ ಎಂದಿದ್ದರು. ಬುತ್ತಿ ಕೊಟ್ಟೆ, ಮಾತನ್ನು ಕೊಡಲಿಲ್ಲ.

ಆ ಎರಡು ದಿನ ಮಾವನೇ ಸಾಂಬಾರಿಗೆ ಕೈ ಹಚ್ಚಿದರು. ಅದರ ಬಗ್ಗೆ ಹೆಚ್ಚು ಬರೆಯುವುದು ಸತ್ತವರನ್ನು ಎಬ್ಬಿಸಿದಂತೆ. ಘಾಜಿಯಾಬಾದಿನಿಂದ ಬರುತ್ತಿದ್ದ ಒಬ್ಬರು ಒಂದು ಚಮಚ ಬಾಯಿಗಿಟ್ಟು, ಬಟ್ಟಲನ್ನು ಗೌರವದಿಂದ ದೂರ ಸರಿಸಿ, ಏನಾಗಿದೆ ಎಂದು ಕೇಳಿದರು. ಸಪ್ಲೈಯರ್ ಹುಡುಗ ಅಭ್ಯಾಸಬಲದಿಂದ “ಇವತ್ತು ರಸಂ ಬಹಳ ಚೆನ್ನಾಗಿದೆ ಸಾಬ್” ಎಂದ. ರಸಂ ಕೂಡ ಮಾವನದ್ದೇ. ಇದರ ನಡುವೆ ನಾನು ಪ್ರೋಗ್ರಾಮಿನಲ್ಲಿ ನನ್ನ ಹಳೆಯ ಮೆಸೇಜುಗಳನ್ನೆಲ್ಲ ವಾಪಸು ಹಾಕಿದೆ. ಮಾವ ಕನ್ನಡಕ ಏರಿಸಿ ಒಂದೊಂದನ್ನೂ ಓದಿ, ಚಿಲ್ಲರೆ ಎಣಿಸಲು ಕೂತರು.

ಭಾನುವಾರ ಮಧ್ಯಾಹ್ನ ಮಾವನ ಮೊಬೈಲು ಬಡಿದುಕೊಂಡಿತು. ಊರಿನ ನಂಬರು. ಮಾವ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು, ಹಬ್ಬದ ಧ್ವನಿ ತಂದುಕೊಂಡು ಮಾತಾಡಿದರು.

“ಹೇಳಿ ಭಟ್ರೇ! ಎಲ್ಲ ಚೆನ್ನಾಗಿ ಆಯ್ತಲ್ಲ?”

ಊರಿನವರು ಫೋನಿನಲ್ಲಿ ಕೂಗಿಯೇ ಮಾತಾಡುವುದು. ಪಕ್ಕದಲ್ಲಿದ್ದ ನನಗೂ ಒಂದೊಂದು ಮಾತೂ ಕೇಳಿಸಿತು.

“ಇಲ್ಲ ಧನೀ. ಧಾರೆಗೆ ನಾನು ಸಿಗ್ಲಿಲ್ಲ. ಗಾಡಿ ರತ್ನಾಗಿರಿ ಹತ್ರ ನಿಂತುಬಿಟ್ಟಿತು, ನಾನು ಬರುವಾಗ ಮುಹೂರ್ತ ಕಳೆದಿತ್ತು. ತಮ್ಮ ಧಾರೆ ಎರೆದ. ಗುರುವಾರದ ಗಾಡಿಗೆ ಬಂದಿದ್ರೆ ನಾನೇ ಎರೀತಿದ್ದೆ.”

ಮಾವ ಬಾಯಿ ತೆರೆದರು. ಯಾವತ್ತೂ ಒದಗಿಬರುತ್ತಿದ್ದ ಮಾತು ಆವತ್ತು ಒಂದೂ ಬರಲಿಲ್ಲ. ಆ ಕಡೆ ವಾಲಗ ಕೇಳುತ್ತಿತ್ತು, ಹೆಂಗಸರ ನಗು ಕೇಳುತ್ತಿತ್ತು. ಫೋನು ಕಡಿದುಹೋಯಿತೇನೋ ಎಂದುಕೊಂಡು ಭಟ್ಟರು, “ಧನೀ, ಕೇಳಿಸ್ತಾ ಉಂಟಾ?” ಎಂದು ಎರಡೆರಡು ಸಲ ಕೂಗಿದರು.

“ಕೇಳಿಸ್ತಾ ಉಂಟು ಭಟ್ರೇ” ಎಂದರು ಮಾವ.